ತಿಂದರೆ ಸಾಧುವಾಗುವ ಬಿಸ್ಕತ್ತು

ಪೆಪ್ಪರ್‌ಕಾಕ ತಿಂದವರು ಸಾಧು ಸ್ವಭಾವದವರಾಗುತ್ತಾರೆ ಎಂದು ಸ್ವೀಡನ್ನಿನ ಜನ ಹೇಳುತ್ತಾರೆ. ಶುಂಠಿ, ದಾಲ್ಚಿನ್ನಿ, ಲವಂಗ, ಏಲಕ್ಕಿ ಬಿದ್ದ ಕಂದು ಬಣ್ಣದ ತೆಳು ಬಿಸ್ಕತ್ತು ಅದು, ಜಿಂಜರ್‌ಬ್ರೆಡ್ಡಿನ ದಾಯಾದಿ. ಐನೂರು ವರ್ಷದ ಹಿಂದೆ ಡೆನ್ಮಾರ್ಕಿನ ದೊರೆ ಹಾನ್ಸ್‌ಗೆ ಸಿಡುಕು ಹೆಚ್ಚಾದಾಗ ವೈದ್ಯರು ಇದನ್ನೇ ಬರೆದುಕೊಟ್ಟರೆಂದು ಕತೆಯಿದೆ. ದೊರೆಗೆ ವಾಸಿಯಾಯಿತೋ ಇಲ್ಲವೋ, ಆ ಬಗ್ಗೆ ಕತೆ ಜಾಣತನದಿಂದ ಬಾಯಿ ಮುಚ್ಚಿಕೊಂಡಿದೆ. ಸ್ವೀಡನ್ನಿನ ವಾಡ್‌ಸ್ಟೇನಾ ಮಠದ ಸನ್ಯಾಸಿನಿಯರು 15ನೇ ಶತಮಾನದಲ್ಲಿ ಇದನ್ನು ಮಾಡುತ್ತಿದ್ದುದು ಅಜೀರ್ಣಕ್ಕಂತೆ. ಇದನ್ನು ಮಾತ್ರ ನಾನು ಕೇಳಿದ ಕೂಡಲೇ ನಂಬಿದೆ. ಶುಂಠಿ ಯಾವ ದೇಶಕ್ಕೆ ಹೋದರೂ ತನ್ನ ಕಸುಬು ಬಿಡುವುದಿಲ್ಲ.

ಡಿಸೆಂಬರಿನಲ್ಲಿ ಸ್ಟಾಕ್‌ಹೋಮಿನ ಮಗಳ ಮನೆಗೆ ಹೋದ ಅಜ್ಜಿಯ ಪಾಲಿಗೆ ಮಧ್ಯಾಹ್ನ ಎನ್ನುವುದೇ ಇರುವುದಿಲ್ಲ. ಮೂರು ಗಂಟೆ ಹೊಡೆಯುವ ಮೊದಲೇ ಸೂರ್ಯ ಮುಳುಗಿರುತ್ತಾನೆ. ದೇವರ ದೀಪ ಹಚ್ಚಬೇಕೋ ಕಾಫಿಗೆ ನೀರಿಡಬೇಕೋ ತಿಳಿಯುವುದಿಲ್ಲ. ಇಂಥ ಕತ್ತಲಲ್ಲಿ ಮಕ್ಕಳನ್ನು ‘ಹೋಗಿ ಆಡ್ಕೊಳ್ರೋ’ ಎಂದು ಬೀದಿಗೆ ಅಟ್ಟುವುದೂ ಕಷ್ಟ. ಅದಕ್ಕೇ ಈ ದೇಶದವರು ಹಿಟ್ಟು, ಅಚ್ಚು, ಮಕ್ಕಳು ಮೂರನ್ನೂ ಒಂದೇ ಮೇಜಿನ ಸುತ್ತ ಸೇರಿಸಿದ್ದಾರೆಂದು ನನ್ನ ಗುಮಾನಿ.

ಬೆಣ್ಣೆ, ಸಕ್ಕರೆ, ಕಪ್ಪು ಸಿರಪ್ಪು ಒಟ್ಟಿಗೆ ಕರಗಿಸಿ, ಮಸಾಲೆ ಪುಡಿ, ಅಡಿಗೆ ಸೋಡಾ, ಮೈದಾ ಬೆರೆಸಿ ನಾದಿ, ಹಿಟ್ಟನ್ನು ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಡಬೇಕು. ಬೆಳಗ್ಗೆ ಅದು ಕಲ್ಲಾಗಿರುತ್ತದೆ. ತುಂಡು ಮುರಿದು ಅಂಗೈ ಬಿಸಿಗೆ ಮೆತ್ತಗಾಗಿಸಿ ತೆಳ್ಳಗೆ ಲಟ್ಟಿಸಿದರೆ, ಹೃದಯ, ನಕ್ಷತ್ರ, ಮನುಷ್ಯ, ಹಂದಿ ಎಲ್ಲವೂ ಎದ್ದು ಬರುತ್ತವೆ. ಹಂದಿಯ ಅಚ್ಚು ಒಂದೇ ಇದ್ದು ಮಕ್ಕಳು ಇಬ್ಬರಿದ್ದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಆ ಹೊತ್ತಿಗೆ ಇಬ್ಬರೂ ಸಾಕಷ್ಟು ಹಸಿ ಹಿಟ್ಟು ನುಂಗಿದ್ದರೂ ಸಾಧು ಸ್ವಭಾವದ ಸುಳಿವಿರಲಿಲ್ಲ. ಬೇಯಿಸದೆ ತಿಂದರೆ ಗುಣ ಬರುವುದಿಲ್ಲವೇನೋ. ಒಲೆಯೊಳಗೆ ಇದು ಬೇಯುವುದಕ್ಕೆ ಐದು ನಿಮಿಷ ಸಾಕು. ಹದಕ್ಕೂ ಸೀದು ಹೋಗುವುದಕ್ಕೂ ನಡುವೆ ಒಂದೇ ನಿಮಿಷ. ಮೊಮ್ಮಗನಿಗೆ ಬಾತ್‌ರೂಮಿಗೆ ಅವಸರವಾಗುವುದು ಸರಿಯಾಗಿ ಆ ನಿಮಿಷದಲ್ಲಿ.

ತಿನ್ನುವುದಕ್ಕೆ ಬೇರೆ, ತೂಗುಹಾಕುವುದಕ್ಕೆ ಬೇರೆ. ತೂಗುಹಾಕುವ ಹೃದಯಗಳಿಗೆ ಬೇಯಿಸುವ ಮೊದಲೇ ಸ್ಟ್ರಾ ಒತ್ತಿ ತೂತು ಮಾಡಬೇಕು, ಆರಿದ ಮೇಲೆ ಬಿಳಿ ಐಸಿಂಗಿನಲ್ಲಿ ಹೆಸರು ಬರೆದು ಕೆಂಪು ರಿಬ್ಬನ್ನು ಪೋಣಿಸಬೇಕು. ಇವು ಅಡಿಗೆಮನೆ ಕಿಟಕಿಯಲ್ಲಿ ನಕ್ಷತ್ರದ ದೀಪದ ಪಕ್ಕ ಬೆಚ್ಚಗೆ ನೇತಾಡುತ್ತವೆ. ಸ್ವೀಡನ್ನಿನ ಒಣ ಅಡಿಗೆಮನೆಗಳಲ್ಲಿ ತಿಂಗಳುಗಟ್ಟಲೆ ಇರುತ್ತವಂತೆ. ನಮ್ಮ ಮನೆಯಲ್ಲಿ ಮೂರು ವಿಷಲ್ಲಿನ ಅನ್ನ, ಬೇಳೆ, ಕುದಿಯುವ ಸಾರು. ಸಕ್ಕರೆಯ ಪದಾರ್ಥ ಆವಿಯನ್ನೆಲ್ಲ ಹೀರಿಕೊಂಡು ಮೆತ್ತಗಾಗುತ್ತದೆ, ತೂತು ಉದ್ದವಾಗುತ್ತಾ ಹೋಗಿ ಕೊನೆಗೆ ಅಂಚು ಹರಿಯುತ್ತದೆ. ಅಳಿಯನ ಹೆಸರಿನ ಹೃದಯ ಎಲ್ಲರಿಗಿಂತ ಮೊದಲು ಸಿಂಕಿಗೆ ಬಿತ್ತು. ಯಾರೂ ಅರ್ಥ ಹಚ್ಚಲಿಲ್ಲ, ನಾನಂತೂ ಹಚ್ಚಲೇ ಇಲ್ಲ.

ಡಿಸೆಂಬರ್ 13ರ ಲೂಸಿಯಾ ಹಬ್ಬಕ್ಕೆ ಶಾಲೆಯಲ್ಲಿ ಮೆರವಣಿಗೆ. ಹುಡುಗಿಯರು ಬಿಳಿ ಅಂಗಿ ತೊಟ್ಟು, ಲೂಸಿಯಾ ಆದವಳು ತಲೆಯ ಮೇಲೆ ದೀಪದ ಕಿರೀಟ ಹೊತ್ತು ಬಂದರೆ, ಪುಟ್ಟ ಮಕ್ಕಳು ಕಂದು ಬಟ್ಟೆಯ ಪೆಪ್ಪರ್‌ಕಾಕ ಮನುಷ್ಯರಾಗುತ್ತಾರೆ. ಮೊಮ್ಮಗ ಬಿಸ್ಕತ್ತಾಗಿ ಬಹಳ ಗಂಭೀರವಾಗಿ ನಡೆದ.

ಬಿಸ್ಕತ್ತಿನ ಮನೆ ಕಟ್ಟುವುದು ಮಾತ್ರ ದೊಡ್ಡವರ ತಲೆನೋವು. ಗೋಡೆ ಕೂಡಿಸಲು ಕರಗಿಸಿದ ಸಕ್ಕರೆಯೇ ಗಾರೆ. ಬೆರಳಿಗೆ ತಾಕಿದರೆ ಬೊಬ್ಬೆ. ಸ್ಟಾಕ್‌ಹೋಮಿನ ವಾಸ್ತುಶಿಲ್ಪ ಸಂಗ್ರಹಾಲಯ ಆರ್ಕ್‌ಡೆಸ್ ಇಂಥ ಮನೆಗಳಿಗೆಂದೇ ಸ್ಪರ್ಧೆ ಏರ್ಪಡಿಸುತ್ತದೆ. ಅಲ್ಲಿ ಮಕ್ಕಳಷ್ಟೇ ಅಲ್ಲ, ಓದಿದ ವಾಸ್ತುಶಿಲ್ಪಿಗಳೂ ಕಣಕ್ಕಿಳಿಯುತ್ತಾರೆ. ನಮ್ಮದಕ್ಕೆ ಅಂಥ ಆಸೆಯಿರಲಿಲ್ಲ. ಮಾಡಿನ ಒಂದೇ ಮಗ್ಗುಲಿಗೆ ಜೆಮ್ಸ್ ಜಡಿದಿದ್ದರಿಂದ ಕಟ್ಟಡ ಎಡಕ್ಕೆ ವಾಲಿ, ಉಪ್ಪಿನ ಡಬ್ಬಿಯ ಆಸರೆಯಲ್ಲಿ ಕ್ರಿಸ್‌ಮಸ್ ದಾಟಿತು.

ಅದಕ್ಕೆಂದೇ ಇರುವ ದಿನ ಬರುವವರೆಗೆ ಆ ಮನೆಯನ್ನು ಮುಟ್ಟುವ ಹಾಗಿಲ್ಲ. ಜನವರಿ 13 ಕ್ನೂಟನ ದಿನ. ಅಂದು ಕ್ರಿಸ್‌ಮಸ್ ಮರದ ಸೂರೆ: ಹಾಡಿ ಕುಣಿದು, ಮರದ ಅಲಂಕಾರ ಬಿಚ್ಚಿ ಹೊರಗೆ ಹಾಕಿ, ಬಿಸ್ಕತ್ತಿನ ಮನೆಯನ್ನು ಒಡೆದು ತಿನ್ನುತ್ತಾರೆ. ತಿಂಗಳ ಧೂಳು ಕುಡಿದ ಗೋಡೆಗೆ ಲಟ್ಟಣಿಗೆಯೇ ಬೇಕಾಯಿತು. ಮೊಮ್ಮಗಳು ಮಾಡು ಒಡೆದಳು, ಮೊಮ್ಮಗ ಗೋಡೆ ಉರುಳಿಸಿದ, ಮಿಕ್ಕವರೆಲ್ಲ ಚಪ್ಪಾಳೆ.

ಮಾರನೆಯ ದಿನವೇ ಸಂಕ್ರಾಂತಿ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು ಎನ್ನುವ ನಾವೂ ಒಂದು ಲೆಕ್ಕದಲ್ಲಿ ಹಾನ್ಸ್ ದೊರೆಯ ವೈದ್ಯರ ಪಂಗಡದವರೇ, ಔಷಧಿಯೊಂದು ಬೇರೆ. ಮೈಸೂರಿಂದ ತಂದಿದ್ದ ಮರದ ಅಚ್ಚುಗಳನ್ನು ನೀರಲ್ಲಿ ನೆನೆಸಿ, ಎರಡೆರಡು ಹೋಳು ಜೋಡಿಸಿ ರಬ್ಬರ್‌ಬ್ಯಾಂಡ್ ಬಿಗಿದು, ಸಕ್ಕರೆ ಪಾಕ ಹುಯ್ದಿದ್ದೆ. ತುಳಸಿಕಟ್ಟೆ, ಮಾವಿನಕಾಯಿ, ಹಂಸ ಬಂದವು. ಆನೆ ಸೊಂಡಿಲು ಮುರಿಯದೆ ಬಂದಿದ್ದನ್ನು ತಟ್ಟೆಯ ನಡುವೆ ಇಟ್ಟು, ಬರುವವರೆಲ್ಲ ನೋಡಲಿ ಎಂದುಕೊಂಡಿದ್ದೆ.

ಟಪ್ ಎಂದಿತು. ಲಟ್ಟಣಿಗೆ ಮೊಮ್ಮಗನ ಕೈಯಲ್ಲಿತ್ತು.

ಮಗಳು ದನಿ ಏರಿಸಿದಳು. ಅವನು ಅಳಲಿಲ್ಲ, ಸೊಂಟಕ್ಕೆ ಕೈಯಿಟ್ಟು ಕೇಳಿದ: “ನೆನ್ನೆ ಮನೆ ಒಡೆದಾಗ ಎಲ್ಲಾರೂ ಚಪ್ಪಾಳೆ ಹೊಡೆದ್ರಿ. ಇವತ್ತು ಆನೆ ಒಡೆದ್ರೆ ಯಾಕೆ ಬೈತೀರಾ?”

ಮಗಳು ನನ್ನ ಮುಖ ನೋಡಿದಳು. ಬಾಯಲ್ಲಿ ಆಗಲೇ ಸೊಂಡಿಲಿದ್ದುದರಿಂದ ನಾನು ಮಾತಾಡುವ ಸ್ಥಿತಿಯಲ್ಲಿರಲಿಲ್ಲ.