ಹುರುಪೆಯ ಜೊತೆಗೆ ಅದರ ವಿಳಾಸವನ್ನೂ ತನ್ನಿ
ಪಳೆಯುಳಿಕೆ ಸಂಗ್ರಾಹಕರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ದಖನ್ನಿನ ಬಸಾಲ್ಟ್ ಬಂಡೆಗಳ ನಡುವಿನ ಕೆಸರುಕಲ್ಲಿನಲ್ಲಿ ಉಗುರಿನಗಲದ, ವಜ್ರಾಕಾರದ, ನುಣ್ಣಗೆ ಹೊಳೆಯುವ ಚೂರೊಂದು ಸಿಕ್ಕರೆ ದಯವಿಟ್ಟು ಒಡನೆಯೇ ಜೇಬಿಗಿಳಿಸಬೇಡಿ. ಅದು ಗಾರ್ ಮೀನಿನ ಹುರುಪೆ ಇರಬಹುದು. ಇಂದು ಉತ್ತರ ಮತ್ತು ಮಧ್ಯ ಅಮೆರಿಕ, ಕ್ಯೂಬಾಗಳಲ್ಲಷ್ಟೇ ಉಳಿದಿರುವ ಈ ಮೀನು ಸುಮಾರು 6.6 ಕೋಟಿ ವರ್ಷಗಳ ಹಿಂದೆ ನಮ್ಮ ನೆಲದಲ್ಲೂ ಇತ್ತು. ಮಹಾರಾಷ್ಟ್ರದ ಡೊಂಗರಗಾಂವ್‌ನಲ್ಲಿ ಸಿಕ್ಕ ಇಂಥ ಅವಶೇಷಗಳಿಗೆ 1908ರಲ್ಲಿ ಆರ್ಥರ್ ಸ್ಮಿತ್ ವುಡ್‌ವರ್ಡ್ 'ಇಂಡಿಕಸ್' ಎಂಬ ಪ್ರಭೇದನಾಮ ಕೊಟ್ಟರು.

ಆ ಹೊಳಪು ಗ್ಯಾನೊಯಿನ್‌ನದು. ಅದು ಹಲ್ಲಿನ ಎನಾಮಲ್‌ಗೆ ಹತ್ತಿರದ ವಸ್ತು. ಗಾರ್‌ನಲ್ಲಿ ಅದು ನೇರವಾಗಿ ಮೂಳೆಯ ಮೇಲೆ ಕೂತಿರುತ್ತದೆ. ಆಫ್ರಿಕಾದ ಬಿಚಿರ್ ಮೀನಿನಲ್ಲಾದರೆ ಇವೆರಡರ ನಡುವೆ ದಂತದ್ರವ್ಯದ ಪದರವೊಂದಿದೆ. ಕಲ್ಲನ್ನು ತೆಳ್ಳಗೆ ಅರೆದು ಸೂಕ್ಷ್ಮದರ್ಶಕದಡಿ ಇಟ್ಟಾಗ ಮಾತ್ರ ಈ ವ್ಯತ್ಯಾಸ ಕಾಣುತ್ತದೆ. ಗ್ಯಾನೊಯಿನ್ ಮೇಲಿನ ಸೂಕ್ಷ್ಮ ಗುಬುಟುಗಳ ಗಾತ್ರ, ಅಂತರಗಳನ್ನು ಅಳೆಯಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ಒಂದೇ ಮೀನಿನ ಪಕ್ಕೆಯ ಹುರುಪೆಗೂ ಬಾಲದ ಬುಡದ ಹುರುಪೆಗೂ ಆಕಾರ ಬೇರೆ. ಹಾಗಾಗಿ ಹೊರರೂಪವನ್ನಷ್ಟೇ ನೋಡಿ ಹೆಸರು ಹೇಳುವಂತಿಲ್ಲ. 1833ರಿಂದ 1843ರವರೆಗೆ ಪಳೆಯುಳಿಕೆ ಮೀನುಗಳ ಮಹಾಗ್ರಂಥ ಹೊರತಂದ ಲೂಯಿ ಅಗಾಸಿ ಮೀನುಕುಲವನ್ನೇ ಹುರುಪೆಯ ಮೇಲೆ ನಾಲ್ಕಾಗಿ ವಿಂಗಡಿಸಿದ್ದರು. ಆ ವಿಂಗಡಣೆಯೇ ಮುಂದೆ ನಿಲ್ಲಲಿಲ್ಲ.

ಮೀನು ಯಾವುದೆಂದು ತಿಳಿದರೂ ನೀರು ಯಾವುದೆಂಬ ಪ್ರಶ್ನೆ ಉಳಿಯುತ್ತದೆ. ಗಾರ್ ಸಿಹಿನೀರಿನ ಮೀನಾದರೂ ಕೆಲವು ಪ್ರಭೇದಗಳು ಉಪ್ಪುನೀರನ್ನೂ ತಾಳುತ್ತವೆ. ಅದೇ ಡೊಂಗರಗಾಂವ್‌ನಿಂದ ವುಡ್‌ವರ್ಡ್ ವರ್ಣಿಸಿದ ಪಿಕ್ನೋಡಸ್ ಮೀನಿನ ಬಂಧುಗಳು ಹೆಚ್ಚಾಗಿ ಸಮುದ್ರವಾಸಿಗಳು. ಅಲ್ಲಿದ್ದದ್ದು ಕೆರೆಯೋ ಅಳಿವೆಯೋ ಎಂದು ತೀರ್ಮಾನಿಸಲು ಅದೇ ಪದರದ ಬಸವನಹುಳು, ಪುಟ್ಟ ಕವಚಜೀವಿಗಳ ಸಾಕ್ಷ್ಯ ಬೇಕು. ಪದರ ಗೊತ್ತಿಲ್ಲದ ಹುರುಪೆ ಶೋಕೇಸಿಗೆ ಸಾಕು, ವಿಜ್ಞಾನಕ್ಕೆ ಸಾಲದು.

ಆದ್ದರಿಂದ ಎತ್ತುವ ಮೊದಲು ಪಕ್ಕದಲ್ಲೊಂದು ನಾಣ್ಯವಿಟ್ಟು ಫೋಟೋ ತೆಗೆಯಿರಿ. ಜಾಗ, ಪದರ, ದಿನಾಂಕ ಬರೆದಿಡಿ. ಆಸಿಡ್‌ನಲ್ಲಿ ತೊಳೆಯಬೇಡಿ, ಪಾಲಿಶ್ ಮಾಡಬೇಡಿ. ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೆ ತೋರಿಸಿ. ಭೂಪರಂಪರೆಯ ತಾಣಗಳನ್ನು ಕಾಯುವ ಮಸೂದೆಯ ಕರಡನ್ನು ಕೇಂದ್ರ ಸರ್ಕಾರ 2022ರಲ್ಲಿ ಪ್ರಕಟಿಸಿತು. ಕಾನೂನು ಏನೇ ಹೇಳಲಿ, ಬಂಡೆಯ ಬಳಿ ಮೊದಲು ನಿಲ್ಲುವವರು ನೀವು. ಆ ಹೊಣೆಯನ್ನು ದಯವಿಟ್ಟು ಹೊತ್ತುಕೊಳ್ಳಿ.

ಇಂತಿ,
ನಿಮ್ಮಂತೆಯೇ ಕಲ್ಲುಗಳನ್ನು ಪ್ರೀತಿಸುವ ಓದುಗ