ಬೆಳ್ಳುಳ್ಳಿ ಸುಲಿದವರು ಯಾರು?

ಮೊಬೈಲಿನ ಅಡುಗೆ ವಿಡಿಯೊಗಳಲ್ಲಿ ಈಗ ಗಾರ್ಲಿಕ್ ಬ್ರೆಡ್ ರೋಲ್ ಹತ್ತೇ ನಿಮಿಷಕ್ಕೆ ಆಗುತ್ತದೆ. ಒಂದು ಗಾಜಿನ ಬಟ್ಟಲಲ್ಲಿ ಅಳೆದಿಟ್ಟ ಮೈದಾ, ಇನ್ನೊಂದರಲ್ಲಿ ಮೆತ್ತಗಾದ ಬೆಣ್ಣೆ, ಮತ್ತೊಂದರಲ್ಲಿ ಹೆಚ್ಚಿದ ಕೊತ್ತಂಬರಿ ಸೊಪ್ಪು, ಪಕ್ಕದಲ್ಲಿ ಒಂದು ಹಿಡಿ ಸುಲಿದ ಬೆಳ್ಳುಳ್ಳಿ. ‘ಫ್ರೆಂಡ್ಸ್, ತುಂಬಾ ಸಿಂಪಲ್’ ಎಂದು ದನಿ ಕೇಳುತ್ತದೆ, ಗಡಿಯಾರ ಅಲ್ಲಿಂದ ಓಡಲು ಶುರು. ಆ ಬೆಳ್ಳುಳ್ಳಿ ಸುಲಿದವರು, ಸೊಪ್ಪು ಆರಿಸಿ ತೊಳೆದವರು ಕ್ಯಾಮೆರಾ ತಿರುಗದ ಮೂಲೆಯಲ್ಲಿ ಮೊರ ಹಿಡಿದು ಕೂತಿರುತ್ತಾರೆ. ಸಾಮಾನ್ಯವಾಗಿ ಆ ಹುದ್ದೆ ಅತ್ತೆಯವರದು. ಅವರು ಮಗಳ ಮನೆಗೆ ಹೋಗಿದ್ದರೆ ಮನೆಗೆಲಸಕ್ಕೆ ಬರುವವರ ಹೆಗಲಿಗೆ ಇನ್‌ಚಾರ್ಜ್ ಬೀಳುತ್ತದೆ. ಮನೆಯ ಗಂಡಸರು ಈ ಹುದ್ದೆಗೆ ಅರ್ಜಿ ಹಾಕಿದ್ದು ವಿರಳ. ಅವರು ವಿಡಿಯೊ ಫಾರ್ವರ್ಡ್ ಮಾಡುವ ವಿಭಾಗದವರು.

ಬೆಳ್ಳುಳ್ಳಿ ಸುಲಿಯುವುದು ಸಣ್ಣ ಕೆಲಸವೇನಲ್ಲ. ಜವಾರಿಯಾದರೆ ಘಮ ಹೆಚ್ಚು, ಎಸಳು ಚಿಕ್ಕದು, ಸಿಪ್ಪೆಗೆ ಹಟ. ನೀರಲ್ಲಿ ನೆನೆಸಿ, ಎಣ್ಣೆ ಸವರಿ ಬಿಸಿಲಿಗಿಟ್ಟು, ಡಬ್ಬಿಯಲ್ಲಿ ಹಾಕಿ ಕುಲುಕಿ, ಕೊನೆಗೆ ಉಗುರಿಗೇ ಶರಣು ಹೋಗಬೇಕು. ಅದರ ಗಂಧಕದ ಅಂಶಕ್ಕೆ ಬೆರಳ ತುದಿ ಉರಿಯುತ್ತದೆ, ಸೋಪು ಹಾಕಿ ತಿಕ್ಕಿದರೂ ಮರುದಿನದ ಕಾಫಿ ಲೋಟದವರೆಗೆ ವಾಸನೆ ಹಿಂಬಾಲಿಸುತ್ತದೆ. ಬೆಳ್ಳುಳ್ಳಿ ತರಕಾರಿಯೋ ಮಸಾಲೆಯೋ ಎಂದು ಮಧ್ಯಪ್ರದೇಶದಲ್ಲಿ ವರ್ಷಗಟ್ಟಲೆ ವ್ಯಾಜ್ಯ ನಡೆದು, 2024ರಲ್ಲಿ ಹೈಕೋರ್ಟಿನ ಇಂದೋರ್ ಪೀಠ ಅದು ತರಕಾರಿ ಎಂದಿತು. ಸುಲಿದ ಕೂಲಿ ಯಾರ ಲೆಕ್ಕಕ್ಕೆ ಎಂಬ ಅರ್ಜಿ ಮಾತ್ರ ಇನ್ನೂ ಯಾರ ಮುಂದೂ ಬಂದಂತಿಲ್ಲ.

ಸರಿ, ಅತ್ತೆಯವರು ಸುಲಿದುಕೊಟ್ಟರು ಎನ್ನಿ. ‘ಓವನ್ ಮೊದಲೇ ಬಿಸಿ ಮಾಡಿಟ್ಟುಕೊಳ್ಳಿ’ ಎನ್ನುತ್ತದೆ ದನಿ. ಮನೆಯ ಓಟಿಜಿ 200 ಡಿಗ್ರಿಗೆ ಏರುವುದಕ್ಕೇ 10ರಿಂದ 15 ನಿಮಿಷ ಬೇಕು. ಬೇಯಲು ಮತ್ತೆ 15ರಿಂದ 20. ಹತ್ತು ನಿಮಿಷದ ರೋಲು ಮುಗಿಯುವ ಹೊತ್ತಿಗೆ ಓವನ್ ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುತ್ತದೆ. ‘ಬೆಣ್ಣೆ ಕೋಣೆಯ ಉಷ್ಣಾಂಶದಲ್ಲಿರಲಿ’ ಎಂಬುದು ಇನ್ನೊಂದು ಆದೇಶ. ಯಾರ ಕೋಣೆ ಸ್ವಾಮಿ? ಡಿಸೆಂಬರಿನ ಮಡಿಕೇರಿಯಲ್ಲಿ ಅದು ಇಟ್ಟಿಗೆ, ಮೇ ತಿಂಗಳ ಕಲಬುರಗಿಯಲ್ಲಿ ಬಟ್ಟಲು ತುಂಬ ಎಣ್ಣೆ.

ಈ ವಿಡಿಯೊಗಳ ನಿಜವಾದ ಶತ್ರು ಈಸ್ಟ್. ಅದಕ್ಕೆ ಜೀವವಿದೆ, ಹೆದರಿಸಿದರೆ ಕೆಲಸ ಮಾಡುವುದಿಲ್ಲ. ಉಗುರು ಬೆಚ್ಚಗಿನ ನೀರು, ಚಿಟಿಕೆ ಸಕ್ಕರೆ ಕೊಟ್ಟು, ನಾದಿದ ಹಿಟ್ಟನ್ನು ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆಯಾದರೂ ಬಿಡಬೇಕು. ಬೇಗ ಆಗಲೆಂದು ಕುದಿಯುವ ನೀರು ಸುರಿದರೆ ಅಲ್ಲೇ ಸಾಯುತ್ತದೆ, ಹಿಟ್ಟು ಏಳುವುದಿಲ್ಲ. ಅವಸರಕ್ಕೆ ಬಗ್ಗದ ಇಂಥ ನೌಕರನನ್ನು ಇಟ್ಟುಕೊಳ್ಳುವವರಾರು? ಈಸ್ಟನ್ನು ಮನೆಗೆ ಕಳಿಸಿ ಸೋಡಾ, ಮೊಸರನ್ನು ಗುತ್ತಿಗೆಗೆ ತಂದಿದ್ದಾರೆ. ಮೊಸರಿನ ಹುಳಿ ತಾಗಿದ ಕ್ಷಣವೇ ಸೋಡಾ ಬುಸುಗುಟ್ಟಿ ಗಾಳಿ ಬಿಡುತ್ತದೆ, ಆ ಗಾಳಿ ಹೋಗುವ ಮುಂಚೆ ಓವನ್ನಿಗೆ ಹಾಕಿದರೆ ಹಿಟ್ಟು ಉಬ್ಬುತ್ತದೆ, ನಿಜ. ಆದರೆ ಹುದುಗಿನಿಂದ ಬರುವ ರುಚಿ ಎಲ್ಲಿಂದ ಬರಬೇಕು? ಬಿಸಿ ಇರುವಾಗ ಬ್ರೆಡ್ಡು, ಆರಿದ ಮೇಲೆ ಬಿಸ್ಕತ್ತು.

ಇಷ್ಟಾದ ಮೇಲೆ ‘ಪೂರ್ತಿ ಮನೆಯಲ್ಲೇ ಮಾಡಿದ್ದು’ ಎಂಬ ಹೆಮ್ಮೆ. ಮೈದಾ ಮಿಲ್ಲಿನದು, ಬೆಣ್ಣೆ ಪೊಟ್ಟಣದ್ದು, ಓರೆಗಾನೊ ಹಿಂದಿನ ಪಿಜ್ಜಾ ಆರ್ಡರುಗಳಲ್ಲಿ ಉಳಿಸಿ ಫ್ರಿಜ್ ಬಾಗಿಲಲ್ಲಿ ಕೂಡಿಟ್ಟ ಪುಟ್ಟ ಸ್ಯಾಷೆಗಳದ್ದು. ಅಪ್ಪಟ ಮನೆಯದೆಂದರೆ ಸಿಂಕಿನಲ್ಲಿ ಬಿದ್ದ ಪಾತ್ರೆಗಳು. ಪ್ರತಿ ಪದಾರ್ಥಕ್ಕೂ ಒಂದೊಂದು ಬಟ್ಟಲು ಬೇಕೇ ಬೇಕಲ್ಲ!

ಬನ್ನು, ಬ್ರೆಡ್ಡು ಬೆಂಗಳೂರಿಗೆ ಹೊಸದೇ? ಸಂಪ್ರದಾಯಸ್ಥ ಅಯ್ಯಂಗಾರರ ಅಡುಗೆಮನೆಗೆ ಈರುಳ್ಳಿ ಬೆಳ್ಳುಳ್ಳಿಗೆ ಪ್ರವೇಶವಿಲ್ಲ. ಆದರೂ ಹಾಸನದ ಕಡೆಯಿಂದ ಬಂದ ಅಯ್ಯಂಗಾರರೇ ಇಲ್ಲಿ ಬೇಕರಿ ಇಟ್ಟು, ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿದ ಖಾರಾ ಬನ್ನನ್ನು ಊರಿಗೆಲ್ಲ ತಿನ್ನಿಸಿದರು. ತಿನ್ನದ್ದನ್ನು ಅಷ್ಟು ಚೆನ್ನಾಗಿ ಮಾಡುವುದು ಪುಣ್ಯದ ಕೆಲಸವೇ ಸರಿ. ಅವರ ಹಿಟ್ಟು ಗಂಟೆಗಟ್ಟಲೆ ಹುದುಗುತ್ತದೆ, ಯಾರೂ ಗಡಿಯಾರ ತೋರಿಸಿ ಬೀಗುವುದಿಲ್ಲ. ಕೇಳಿದರೆ ‘ಇನ್ನೂ ಓವನ್ನಲ್ಲಿದೆ, ಸ್ವಲ್ಪ ಕಾಯಿರಿ’ ಅಂದಾರು. ನಾವೂ ಕಾಯುತ್ತೇವೆ.

ಹಾಗಂತ ಮನೆಯಲ್ಲಿ ಮಾಡಬೇಡಿ ಎನ್ನುವುದಿಲ್ಲ. ಭಾನುವಾರ ಬೆಳಿಗ್ಗೆ ಹಿಟ್ಟು ನಾದಿಟ್ಟು, ಈಸ್ಟಿಗೆ ಬೇಕಾದಷ್ಟು ಹೊತ್ತು ಕೊಟ್ಟು, ಮಧ್ಯಾಹ್ನಕ್ಕೆ ಸುಟ್ಟು ತಿನ್ನಿ, ಚೆನ್ನಾಗಿರುತ್ತದೆ. ವಿಡಿಯೊ ಮಾಡುವವರಲ್ಲಿ ಒಂದೇ ವಿನಂತಿ: ಮುಂದಿನ ಸಲ ಗಡಿಯಾರವನ್ನು ಬೆಳ್ಳುಳ್ಳಿ ಗಡ್ಡೆ ಒಡೆಯುವಲ್ಲಿಂದ ಶುರು ಮಾಡಿ, ಸುಲಿದವರ ಹೆಸರನ್ನೂ ಪರದೆಯ ಮೇಲೆ ಹಾಕಿ.