ಹಸ್ತ-ವಿದ್ಯುತ್ ಸ್ತನ್ಯಪಂಪು ಮೀಮಾಂಸೆ: ಕೊಡಗು ಪ್ರಕರಣ

ಎದೆಹಾಲನ್ನು ಮಗುವಿನ ಬಾಯಿಯ ನೆರವಿಲ್ಲದೆ ಬಾಟಲಿಗೆ ಇಳಿಸುವ ಸಾಧನಕ್ಕೆ ಸ್ತನ್ಯಪಂಪು ಎಂದು ಹೆಸರು. ಹಿಡಿಕೆ ಒತ್ತಿ ಬಿಟ್ಟು ನಡೆಸುವುದು ಹಸ್ತಪಂಪು. ಮೋಟಾರು ನಡೆಸುವುದು ವಿದ್ಯುತ್ ಪಂಪು. ಬಾಣಂತಿಗೆ ಇವೆರಡರಲ್ಲಿ ಯಾವುದು ಯೋಗ್ಯ ಎಂಬ ಪ್ರಶ್ನೆ ಎಲ್ಲೆಡೆ ಇದ್ದರೂ ಅದಕ್ಕೆ ಶಾಸ್ತ್ರದ ಘನತೆ ಬಂದಿರುವುದು ಕೊಡಗಿನಲ್ಲಿ. ಇಲ್ಲಿ ವರ್ಷದ ನಾಲ್ಕು ತಿಂಗಳು ಮಳೆ, ಮಳೆ ಇದ್ದಷ್ಟು ದಿನ ಕರೆಂಟಿನ ಕಣ್ಣಾಮುಚ್ಚಾಲೆ. ಸಾಲದ್ದಕ್ಕೆ ಪಂಪುಗಳ ವಿಷಯದಲ್ಲಿ ಖಚಿತ ಅಭಿಪ್ರಾಯವುಳ್ಳ ಹಿರಿಯ ತೋಟಗಾರರು ಮನೆಗೊಬ್ಬರಂತೆ ಇದ್ದೇ ಇರುತ್ತಾರೆ. ಆದ್ದರಿಂದ ಇದನ್ನು ಮೀಮಾಂಸಕರ ಪದ್ಧತಿಯಂತೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ ಎಂಬ ಕ್ರಮದಲ್ಲಿ ಪರಿಶೀಲಿಸುವುದು ಯುಕ್ತ. ಐದನೆಯ ಅಂಗವಾದ ಸಂಗತಿಯನ್ನು, ಮಗು ಎದ್ದು ಅತ್ತ ಕಾರಣ, ಕೈಬಿಡಲಾಗಿದೆ.

ಮೊದಲು ಇತಿಹಾಸ. ಅಮೆರಿಕದ ಆರ್ವೆಲ್ ನೀಡಮ್ ಸ್ತನ್ಯಪಂಪಿಗೆ ಪೇಟೆಂಟ್ ಪಡೆದದ್ದು 1854ರಲ್ಲಿ. ಅದೇ 1854ರಲ್ಲಿ ಫೌಲರ್ ಎಂಬ ಯುರೋಪಿಯನ್ ಮಡಿಕೇರಿಯಲ್ಲಿ ಕಾಫಿ ತೋಟ ತೆರೆದ. ಈ ಎರಡು ಘಟನೆಗಳಿಗೆ ಯಾವ ಸಂಬಂಧವೂ ಇಲ್ಲವಾದ್ದರಿಂದ ಇವುಗಳ ಮೇಲೆ ಒಂದು ಪಿಎಚ್‌.ಡಿ. ಸುಲಭವಾಗಿ ಆಗಬಹುದು. ವಿದ್ಯುತ್ ಪಂಪನ್ನು 1920ರ ದಶಕದಲ್ಲಿ ರೂಪಿಸಿದವನು ಎಡ್ವರ್ಡ್ ಲಾಸ್ಕರ್. ವೃತ್ತಿಯಿಂದ ಎಂಜಿನಿಯರ್, ಖ್ಯಾತಿಯಿಂದ ಚದುರಂಗದ ಮಾಸ್ಟರ್. ಎದುರಾಳಿ ಯೋಚಿಸಿ ಮುಗಿಸುವವರೆಗೆ ಗಂಟೆಗಟ್ಟಲೆ ಕಾಯುವ ಅಭ್ಯಾಸವಿದ್ದವನಿಗಲ್ಲದೆ ಇಂಥ ಯಂತ್ರ ಬೇರೆಯವರಿಗೆ ಹೊಳೆಯುವುದು ಕಷ್ಟ. ಮುಂದೆ 1956ರಲ್ಲಿ ಸ್ವೀಡನ್ನಿನ ಐನಾರ್ ಎಗ್ನೆಲ್ ಎಳೆತವನ್ನು ಹದಗೊಳಿಸಿ, ಆಸ್ಪತ್ರೆಗಳಲ್ಲಿ ಬಳಸಬಹುದಾದ, ನೋವು ಕಡಿಮೆಯಿರುವ ಪಂಪು ತಂದ.

ಇನ್ನು ಸಂಶಯ. ಕೊಡಗಿನ ಮನೆಗೆ ಸ್ತನ್ಯಪಂಪಿನ ಪೆಟ್ಟಿಗೆ ಬಂದಾಗ ಏಳುವ ಮೊದಲ ಪ್ರಶ್ನೆ ಬಾಣಂತಿಯದಲ್ಲ, ಅಜ್ಜನದು: ‘ಎಷ್ಟು ಎಚ್‌.ಪಿ.?’ ಇದನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಫೆಬ್ರವರಿ-ಮಾರ್ಚಿನಲ್ಲಿ ಕಾಫಿ ಹೂ ಅರಳಿಸಲು ಕೆರೆಯಿಂದ ಸ್ಪ್ರಿಂಕ್ಲರಿಗೆ ನೀರೆತ್ತಿದವರಿಗೆ ಫುಟ್‌ವಾಲ್ವ್ ಎಂದರೇನು, ಗಾಳಿ ಹಿಡಿದ ಪೈಪು ಏಕೆ ನೀರೆಳೆಯುವುದಿಲ್ಲ ಎಂಬುದು ಬಾಯಿಪಾಠ. ಸ್ತನ್ಯಪಂಪಿನ ತಳದಲ್ಲಿರುವ ಬಾತುಕೋಳಿ ಕೊಕ್ಕಿನಾಕಾರದ ಸಿಲಿಕೋನ್ ವಾಲ್ವ್ ಆ ಫುಟ್‌ವಾಲ್ವಿನ ಮರಿಯೇ. ಅದರ ತುಟಿ ಕೂದಲೆಳೆಯಷ್ಟು ಹರಿದರೂ ಮೋಟಾರು ಗುರುಗುಟ್ಟುತ್ತಲೇ ಇರುತ್ತದೆ, ಹಾಲು ಮಾತ್ರ ಬರುವುದಿಲ್ಲ. ಇಂಥ ಸಂದರ್ಭದಲ್ಲಿ ಬಾಣಂತಿ ತನ್ನಲ್ಲೇ ಹಾಲು ಬತ್ತಿತೆಂದು ಕಂಗಾಲಾಗುತ್ತಾಳೆ, ಅತ್ತೆ ಮೆಂತ್ಯ ನೆನೆಹಾಕಲು ಹೊರಡುತ್ತಾರೆ. ‘ಮೊದಲು ವಾಲ್ವ್ ನೋಡಿ’ ಎಂದ ಅಜ್ಜನ ಮಾತೊಂದೇ ಪ್ರಮಾಣವಾಗುತ್ತದೆ.

ಆದರೆ ತೋಟಗಾರ ಸಂಪ್ರದಾಯ ಇಲ್ಲಿಂದ ಮುಂದೆ ಎಡವುತ್ತದೆ. ಒಳ್ಳೆಯ ವಿದ್ಯುತ್ ಪಂಪಿನ ಎಳೆತ ಪಾದರಸದ ಸುಮಾರು 250 ಮಿಲಿಮೀಟರಿನಷ್ಟು. ನೀರಿನ ಲೆಕ್ಕದಲ್ಲಿ 11 ಅಡಿ. ಕೆರೆಯಿಂದ ತೋಟದ ನೆತ್ತಿಗೆ ಇದು ಏನೇನೂ ಸಾಲದೆಂದು ತೀರ್ಮಾನಿಸಿ ಇನ್ನೂ ಜೋರಾದದ್ದನ್ನು ತರಲು ಹೇಳುವುದುಂಟು. ಮಡಿಕೇರಿ ಸಮುದ್ರಮಟ್ಟಕ್ಕಿಂತ 1,100 ಮೀಟರಿಗೂ ಎತ್ತರದಲ್ಲಿದ್ದು ಗಾಳಿಯ ಒತ್ತಡ ಕಡಿಮೆಯಾದ್ದರಿಂದ, ಮಂಗಳೂರಿನಲ್ಲಿ ಕೊಂಡ ಪಂಪು ಸಂಪಾಜೆ ಘಾಟಿ ಹತ್ತಿದ ಮೇಲೆ ದುರ್ಬಲವಾಗುತ್ತದೆ ಎಂಬ ವಾದವೂ ಇದರ ಜೊತೆಯದೇ. ಎರಡೂ ಪೂರ್ವಪಕ್ಷಗಳು ನಿಲ್ಲುವುದಿಲ್ಲ. ಮಡಿಕೇರಿಯಲ್ಲೂ ಪಾದರಸ 660 ಮಿಲಿಮೀಟರಿನ ಆಸುಪಾಸಿನಲ್ಲಿ ನಿಲ್ಲುವುದರಿಂದ 250ಕ್ಕೆ ಬರವಿಲ್ಲ. ಹಾಲು ಬರುವುದು ಎಳೆತದ ಜೋರಿನಿಂದಲೂ ಅಲ್ಲ. ಆಕ್ಸಿಟೋಸಿನ್ ಎಂಬ ಹಾರ್ಮೋನು ಸ್ರವಿಸಿ ಎದೆ ತೊರೆ ಬಿಟ್ಟಾಗ. ಮಗು ಮೊದಲು ಚುಟುಕು ಚುಟುಕಾಗಿ ವೇಗದಿಂದ ಚೀಪುತ್ತದೆ, ಹಾಲಿಳಿದ ಮೇಲೆ ನಿಧಾನವಾಗಿ, ಆಳವಾಗಿ ಎಳೆಯುತ್ತದೆ. ಒಳ್ಳೆಯ ವಿದ್ಯುತ್ ಪಂಪುಗಳು ಮಾಡುವುದೂ ಇದನ್ನೇ: ಮೊದಲು ನಿಮಿಷಕ್ಕೆ ಸುಮಾರು 120 ಸಲ, ಆಮೇಲೆ ಅದರ ಅರ್ಧ. ನೋವು, ಗಡಿಬಿಡಿ, ಬಾಗಿಲಾಚೆ ನಿಂತು ‘ಎಷ್ಟು ಬಂತು?’ ಎಂದು ಕೇಳುವ ಬಂಧುಗಳು, ಇವೆಲ್ಲ ಈ ತೊರೆಯನ್ನು ತಡೆಯುತ್ತವೆ. ಎಚ್‌.ಪಿ. ಹೆಚ್ಚಿಸಿದರೆ ಮೊಲೆತೊಟ್ಟು ಒಡೆಯುತ್ತದೆಯೇ ಹೊರತು ಬಾಟಲಿ ತುಂಬುವುದಿಲ್ಲ. ತೊಟ್ಟಿನ ಅಳತೆಗೆ ಹೊಂದುವ ಫನಲ್ ಆರಿಸುವುದು ಮೋಟಾರು ಆರಿಸುವುದಕ್ಕಿಂತ ಮುಖ್ಯ. ಆದರೆ ಆ ವಿಷಯದಲ್ಲಿ ಅಜ್ಜನ ಅಭಿಪ್ರಾಯ ಕೇಳುವಂತಿಲ್ಲವಾದ್ದರಿಂದ ಅದು ಚರ್ಚೆಗೇ ಬರುವುದಿಲ್ಲ.

ಪೂರ್ವಪಕ್ಷದಲ್ಲಿ ವಿದ್ಯುದ್ವಾದಿಗಳೇ ಗಟ್ಟಿ. ಇವರಲ್ಲಿ ಎರಡು ಮತ. ಒಂದು ಬಾರಿಗೆ ಒಂದೇ ಎದೆ ಎನ್ನುವವರು ಅದ್ವೈತಿಗಳು. ಎರಡಕ್ಕೂ ಏಕಕಾಲದಲ್ಲಿ ಹಚ್ಚುವವರು ದ್ವೈತಿಗಳು. ಕೆಲಸ 15-20 ನಿಮಿಷದಲ್ಲಿ ಮುಗಿಯುವುದು ದ್ವೈತದಲ್ಲಿ ಮಾತ್ರ. ಪ್ಲಗ್ಗಿನ ಹಂಗಿಲ್ಲದ ಬ್ಯಾಟರಿ ಪಂಪಿನವರು ತಮ್ಮನ್ನು ವಿಶಿಷ್ಟಾದ್ವೈತಿಗಳೆಂದು ಕರೆದುಕೊಳ್ಳುತ್ತಾರಾದರೂ ಚಾರ್ಜ್ ಮಾಡಲು ಅವರೂ ಕೊನೆಗೆ ಅದೇ ಪ್ಲಗ್ಗಿಗೆ ಶರಣು. ಹಸ್ತವಾದಿಗಳು ಕಡಿಮೆ ಬೆಲೆ, ಕಡಿಮೆ ಬಿಡಿಭಾಗ, ಸದ್ದಿಲ್ಲದಿರುವುದು, ಎಳೆತದ ಹದ ತಾಯಿಯ ಬೆರಳಲ್ಲೇ ಇರುವುದು, ಇವನ್ನು ಮುಂದಿಡುತ್ತಾರೆ. ರೈಲಿಲ್ಲದ ಈ ಜಿಲ್ಲೆಯಿಂದ ಬಸ್ಸಿನಲ್ಲಿ ಮೈಸೂರಿಗೆ ಹೊರಟ ತಾಯಿಗೆ, ಬ್ಯಾಂಕಿನ ದಾಖಲೆ ಕೋಣೆಯಲ್ಲಿ ಕುಳಿತ ಗುಮಾಸ್ತೆಗೆ ಇದೇ ಅನುಕೂಲ. ದಿನಕ್ಕೆ ಮೂರು ನಾಲ್ಕು ಸಲ ಒತ್ತಬೇಕಾದಾಗ ಹೆಬ್ಬೆರಳಿನ ಬುಡ ಸೋಲುತ್ತದೆ ಎಂಬುದನ್ನು ಮಾತ್ರ ಅವರು ಅಡಿಟಿಪ್ಪಣಿಯಲ್ಲೂ ಹೇಳುವುದಿಲ್ಲ.

ಈ ಎರಡೂ ಪಕ್ಷಗಳನ್ನು ಕೊಡಗಿನ ಮಳೆ ಒಂದೇ ಸಮನೆ ಖಂಡಿಸುತ್ತದೆ. ವಿಶ್ವ ಸ್ತನ್ಯಪಾನ ಸಪ್ತಾಹ ಆಗಸ್ಟ್ 1ರಿಂದ 7ರವರೆಗೆ. ಅದೇ ವಾರದಲ್ಲಿ ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ. ಮನೆಯವರೆಲ್ಲ ಮದ್ದುಸೊಪ್ಪಿನ ಪಾಯಸ ಉಣ್ಣುವ, ಮರ ಬಿದ್ದು ತಂತಿ ಹರಿಯುವ, ಲೈನ್‌ಮ್ಯಾನ್ ದೇವರಿಗಿಂತ ದುರ್ಲಭನಾಗುವ ಕಾಲ. 2018ರ ಆಗಸ್ಟಿನಲ್ಲಂತೂ ಭೂಕುಸಿತದಿಂದ ಹಲವು ಊರುಗಳು ದಿನಗಟ್ಟಲೆ ಕತ್ತಲಲ್ಲಿದ್ದವು. ಹಸ್ತವಾದಿಗಳು ಇಲ್ಲಿ ಗೆದ್ದೆವೆಂದು ಎದ್ದು ನಿಲ್ಲುವಷ್ಟರಲ್ಲಿ ಎರಡನೆಯ ಆಕ್ಷೇಪ ಬರುತ್ತದೆ: ತೇವ. ಹಾಲು ತಾಗಿದ ಭಾಗಗಳನ್ನು ಪ್ರತಿ ಸಲವೂ ಬಿಸಿನೀರು-ಸೋಪಿನಲ್ಲಿ ತೊಳೆದು, ದಿನಕ್ಕೊಮ್ಮೆ ಐದು ನಿಮಿಷ ಕುದಿಸಿ, ಪೂರ್ತಿ ಒಣಗಿಸಬೇಕೆಂಬುದು ವಿಧಿ. ಜೂನ್‌ನಲ್ಲಿ ಒಗೆದ ಲಂಗೋಟಿ ಜುಲೈಯಲ್ಲೂ ತಣ್ಣಗಿರುವ ನಾಡಿನಲ್ಲಿ ‘ಪೂರ್ತಿ ಒಣಗಿಸುವುದು’ ಮೋಕ್ಷದಂತೆ, ಶಾಸ್ತ್ರದಲ್ಲಿದೆ, ಕಂಡವರಿಲ್ಲ. ಬಟ್ಟೆಯಂತೆ ಪಂಪಿನ ಫನಲನ್ನೂ ಒಲೆಯ ಮೇಲಿನ ಅಟ್ಟಕ್ಕೇರಿಸಿದರೆ ಹಾಲಿಗೆ ಹೊಗೆಯ ವಾಸನೆ, ಫನಲಿಗೆ ಹೊಸ ಆಕಾರ. ಎರಡು ಸೆಟ್ ಭಾಗಗಳನ್ನಿಟ್ಟುಕೊಂಡು, ಚೆನ್ನಾಗಿ ಕೊಡವಿ, ಶುದ್ಧ ಬಟ್ಟೆಯ ಮೇಲೆ ಬೋರಲು ಹಾಕಿ ಗಾಳಿಗಿಡುವುದೇ ದಾರಿ. ವಿದ್ಯುತ್ ಪಂಪಿನ ಸಣ್ಣ ಪೈಪಿನಲ್ಲಿ ತೇವ ಕಂಡರೆ ಹಾಲು ತೆಗೆದಾದ ಮೇಲೂ ಕೆಲವು ನಿಮಿಷ ಮೋಟಾರು ಓಡಿಸಬೇಕು. ಬೂಷ್ಟು ಕಂಡರೆ ಪೈಪನ್ನೇ ಎಸೆಯಬೇಕು.

ಕೈಲ್‌ಪೊಳ್ದ್ ಸಮೀಪಿಸಿದಾಗ ಇನ್ನೊಂದು ಉಪವಿವಾದ. ಸೆಪ್ಟೆಂಬರಿನ ಈ ಹಬ್ಬಕ್ಕೆ ಕೋವಿ, ಒಡಿಕತ್ತಿಗಳನ್ನು ಇಟ್ಟು ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುವರು. ಸ್ತನ್ಯಪಂಪು ಆಯುಧವೇ? ಹೌದೆಂದರೆ ಪೂಜೆ ಮುಗಿಯುವವರೆಗೆ ಮುಟ್ಟುವಂತಿಲ್ಲ, ಅದಕ್ಕೆ ಮಗು ಒಪ್ಪುವುದಿಲ್ಲ. ಅಲ್ಲವೆಂದರೆ ಮನೆಯಲ್ಲಿ ಅತಿ ಹೆಚ್ಚು ದುಡಿದ ಯಂತ್ರಕ್ಕೇ ಹೂವಿಲ್ಲ. ಕೊಡವರಿಗೆ ಕೋವಿಯ ಪರವಾನಗಿಯಿಂದ ವಿನಾಯಿತಿಯಿದ್ದು 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಲಾಗಿದೆ. ಪಂಪಿಗೆ ಪರವಾನಗಿಯೇ ಬೇಡವಾದ್ದರಿಂದ ಅದು ಆಯುಧವಲ್ಲವೆಂಬುದು ಬಹುಮತ.

ಸಿದ್ಧಾಂತವನ್ನು ತಾಯಿಯ ದಿನಚರಿ ನೋಡಿ ಹೇಳಬೇಕು, ಯಂತ್ರವನ್ನು ನೋಡಿ ಅಲ್ಲ. ಹೆರಿಗೆಯಾದ ಮೊದಲ ದಿನಗಳ ಗಿಣ್ಣುಹಾಲು ಗಟ್ಟಿ, ಅಳತೆಯೂ ಚಮಚೆಗಳಲ್ಲಿ. ಅದಕ್ಕೆ ಯಾವ ಪಂಪೂ ಬೇಡ, ದಾದಿ ಹೇಳಿಕೊಟ್ಟಂತೆ ಕೈಯಲ್ಲಿ ಹಿಂಡಿದರೆ ಸಾಕು. ವಾರಕ್ಕೊಮ್ಮೆ ಮದುವೆಗೆ ಹೋಗುವಾಗಲೋ ಎದೆ ಕಟ್ಟಿಕೊಂಡಾಗಲೋ ಬೇಕಾದರೆ ಹಸ್ತಪಂಪು ಧಾರಾಳ. 26 ವಾರದ ರಜೆ ಮುಗಿಸಿ ದಿನವೂ ಕೆಲಸಕ್ಕೆ ಹೋಗುವವರಿಗೆ ದ್ವೈತ ವಿದ್ಯುತ್ ಪಂಪು, ಜೊತೆಗೆ ಮಳೆಗಾಲದ ಜಾಮೀನಾಗಿ ಒಂದು ಹಸ್ತಪಂಪು. ತಿಂಗಳು ತುಂಬದೆ ಹುಟ್ಟಿದ ಮಗು ಆಸ್ಪತ್ರೆಯಲ್ಲಿದ್ದು ದಿನಕ್ಕೆ ಎಂಟು-ಹತ್ತು ಸಲ ಹಾಲು ತೆಗೆಯಬೇಕಾದಲ್ಲಿ ಆಸ್ಪತ್ರೆ ದರ್ಜೆಯ ಯಂತ್ರವೇ ಆಗಬೇಕು. ಅಲ್ಲಿ ಹಸ್ತವಾದ ಕ್ರೌರ್ಯ. ತೋಟದ ಕಾರ್ಮಿಕರಿರುವ ಲೈನ್ ಮನೆಗಳಿಗಂತೂ ಈ ವಿವಾದದ ಸದ್ದೇ ಮುಟ್ಟಿಲ್ಲ. 50 ಅಥವಾ ಹೆಚ್ಚು ಮಹಿಳೆಯರು ದುಡಿಯುವ ತೋಟದಲ್ಲಿ ಶಿಶುಪಾಲನಾ ಕೋಣೆ ಇರಬೇಕೆಂದು 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯೇ ಹೇಳಿತ್ತು. ಕಾಫಿ ಕೊಯ್ಯುವ ತಾಯಿಗೆ ಅಲ್ಲಿಗೆ ಹೋಗಿ ಬರಲು ಬೇಕಾದದ್ದು ಬಿಡುವು, ಪಂಪಲ್ಲ.

ತೆಗೆದ ಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ. ಅದನ್ನು ಬಾಗಿಲಿನ ಕಡೆಗಲ್ಲ, ಹಿಂಬದಿಗೆ, ಹಂದಿಮಾಂಸದ ಡಬ್ಬಿಯಿಂದ ದೂರ, ದಿನಾಂಕದ ಚೀಟಿ ಅಂಟಿಸಿ ಇಡಬೇಕು. ಕಾಫಿ ನಾಡಿನಲ್ಲಿ ಚೀಟಿಯಿಲ್ಲದ ಯಾವ ಹಾಲೂ ಸುರಕ್ಷಿತವಲ್ಲ.

ಉಳಿದದ್ದು ಎರವಲು ಪ್ರಕರಣ. ಕೊಡಗಿನಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು. ಒಂದು ವಿದ್ಯುತ್ ಪಂಪು ವಿರಾಜಪೇಟೆಯಿಂದ ಹೊರಟು ಸೋಮವಾರಪೇಟೆ ಮುಟ್ಟುವಷ್ಟರಲ್ಲಿ ನಾಲ್ಕು ಮಕ್ಕಳನ್ನು ಸಾಕಿರುತ್ತದೆ. ಹಾಲಿನ ತೇವ ಮೋಟಾರಿನೊಳಕ್ಕೆ ಹೋಗಬಲ್ಲ ತೆರೆದ ಬಗೆಯ ಪಂಪನ್ನು ಹೀಗೆ ಹಂಚಿಕೊಳ್ಳಲೇಬಾರದು. ಬಾಟಲಿ ಬದಲಿಸಿದ ಮಾತ್ರಕ್ಕೆ ಅದು ಶುದ್ಧವಾಗುವುದಿಲ್ಲ. ಹಲವರ ಬಳಕೆಗೆಂದೇ ಮಾಡಿದ ಮುಚ್ಚಿದ ಬಗೆಯದಾದರೆ ಫನಲ್, ವಾಲ್ವ್, ಪೈಪು, ಬಾಟಲಿಗಳನ್ನು ಹೊಸದಾಗಿ ಕೊಂಡು ಬಳಸಬಹುದು. ಕೊಟ್ಟ ಪಂಪನ್ನು ವಾಪಸು ಪಡೆಯುವ ವಿಧಾನ ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.